ಬಾಗಿಲ ಸಂದಿನ ಬಟ್ಟೆ

"ಮೊದಲು ಡಾಕ್ಟರಿಗೆ ಫೋನ್ ಮಾಡು. ಬಾಗಿಲು ಆಮೇಲೆ ನೋಡೋಣು," ಎಂದರು ನೀಲಗಂಗಾ.

ಪ್ರತಾಪ್ ಬೇಸ್‌ಮೆಂಟಿನ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದ. ಫೋನು ಅಂಗೈಯಲ್ಲಿತ್ತು. ಬೆರಳು ಮಾತ್ರ ಅಲುಗುತ್ತಿರಲಿಲ್ಲ.

"ಅವ್ವ ಮ್ಯಾಲೇ ಇದ್ದಾಳ ಆಂಟಿ. ಕೇಳಸ್ತದ."

"ಹಿಂದಿನ ಡೆಕ್ಕಿಗೆ ಹೋಗಿ ಮಾತಾಡು. ಬೀರಿತ್ತು ಅನ್ನು, ಗ್ಯಾಸಿತ್ತು ಅನ್ನು, ಸಿಲಿಂಡರ್ ಎಷ್ಟು ದೊಡ್ಡದಿತ್ತು ಅದನ್ನೂ ಹೇಳು. ಅಲ್ಲಿ ಆಸ್ಪತ್ರ್ಯಾಗ ಶ್ರೀಲತಾನ್ನ ಕುಂದ್ರಿಸಿಕೊಂಡು, ನಿನ್ನ ಗಂಡ ಡ್ರಗ್ಸ್ ತಗೋತಿದ್ದನೇನು ಅಂತ ಕೇಳಾಕತ್ತಾರ. ಅದು ನಿನ್ನ ಕೇಳಬೇಕಾದ ಪ್ರಶ್ನಿ. ಆಕಿ ಯಾಕ ಕೇಳಿಸ್ಕೋಬೇಕು?"

ಅವನು ತಲೆ ಎತ್ತದೆ ಎದ್ದು ಹೋದ.

ಪ್ರತಾಪನ ಗೆಳೆಯ ಗೋಪಿನಾಥ ಇದೇ ಮೆಟ್ಟಿಲ ಕೆಳಗಿನ ಕ್ಲಾಸೆಟ್ಟಿನಲ್ಲಿ, ಸಾಮಾನು ತುಂಬುವ ಪುಟ್ಟ ಕೋಣೆಯಲ್ಲಿ, ಪ್ರಜ್ಞೆಯಿಲ್ಲದೆ ಸಿಕ್ಕು ವಾರವಾಗಿತ್ತು. ಇನ್ನೂ ಕಣ್ಣು ತೆರೆದಿರಲಿಲ್ಲ. ಎಲ್ಲರೂ ಅವನನ್ನು ಮೇಲಕ್ಕೆ ಹೊತ್ತುಕೊಂಡು ಹೋದ ಗದ್ದಲದಲ್ಲಿ ಪ್ರತಾಪ್ ಮಾಡಿದ ಕೆಲಸವೇ ಬೇರೆ. ತಾನೇ ಮನೆಯಲ್ಲಿ ಮಾಡಿದ ಬೀರು ತುಂಬಿದ ಕೆಗ್ಗು ಪೀಪಾಯಿಗಳನ್ನೂ ಗ್ಯಾಸ್ ಸಿಲಿಂಡರನ್ನೂ ಗ್ಯಾರೇಜಿಗೆ ಎಳೆದು, ಮೇಲೆ ಟಾರ್ಪಾಲು ಹೊದಿಸಿದ್ದ. ಶೆರಿಫ್ ಆಫೀಸಿನ ಪೊಲೀಸರು ಬಂದಾಗ, "ಅದು ಉಪ್ಪಿನಕಾಯಿ ಜಾಡಿ ಇಡೋ ಜಾಗ," ಎಂದಿದ್ದ. ನಿನ್ನೆಯಷ್ಟೇ ನೀಲಗಂಗಾ ಟಾರ್ಪಾಲು ಸರಿಸಿದ್ದರು. ಇವತ್ತು ಎಲ್ಲವನ್ನೂ ಮತ್ತೆ ಅದರದರ ಜಾಗದಲ್ಲಿ ಇಡಿಸಿದ್ದರು.

ನೀಲಗಂಗಾ ಹುಬ್ಬಳ್ಳಿಯಲ್ಲಿ ವಿಮಾ ಕಂಪನಿಯ ಸರ್ವೇಯರ್ ಆಗಿ, ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮು ನೋಡಿಕೊಂಡೇ ತಲೆ ಹಣ್ಣಾದವರು. ಈಗ ಅಮೆರಿಕದ ಆಲ್ಡಿ ಎಂಬ ಊರಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರನ್ನು ಈ ಕೆಲಸಕ್ಕೆ ಎಳೆದವಳು ಗೋಪಿನಾಥನ ಹೆಂಡತಿ ಶ್ರೀಲತಾ. "ನಾನು ಮೇಲೆ ಹಾಡ್ತಾ ಕೂತಿದ್ದೆ ಆಂಟಿ. ರಚನಾ ಕಿರುಚೋವರೆಗೂ ಬೇಸ್‌ಮೆಂಟಿಗೆ ಕಾಲೇ ಇಟ್ಟಿಲ್ಲ. ನನಗೇನೂ ಗೊತ್ತಿಲ್ಲ. ನೀವು ಹುಡುಕಿ ಹೇಳಿ," ಎಂದು ಅತ್ತಿದ್ದಳು.

ಪ್ರತಾಪನ ಹೆಂಡತಿ ರಚನಾ ವಾಷಿಂಗ್ ಮೆಷಿನ್ ಪಕ್ಕ ನಿಂತು, ಒಗೆದ ಬಟ್ಟೆಗಳನ್ನು ಮಡಿಸುವ ನೆಪ ಮಾಡುತ್ತಿದ್ದಳು.

"ಆ ದಿನ ಬಾಗಿಲು ತೆಗ್ದವಳು ನೀನೇ ಅಲ್ಲೇನವ್ವಾ? ಹೆಂಗ ತೆಗ್ದಿ, ಮಾಡಿ ತೋರಿಸು," ಎಂದರು ನೀಲಗಂಗಾ.

"ಊಟಕ್ಕೆ ಪ್ಲೇಟ್ ಹಾಕ್ತಿದ್ವಿ. ಗೋಪಿ ಕಾಣಿಸ್ತಿಲ್ಲ ಅಂತ ಹುಡುಕ್ಕೊಂಡು ಬಂದೆ. ಬರಿಗಾಲು, ನೆಲ ಐಸ್ ಥರ ಇತ್ತು. ಪ್ರತಾಪ್‌ದು ಗ್ರೇ ಚಪ್ಪಲಿ ಯಾವಾಗ್ಲೂ ಇಲ್ಲೇ ಇರತ್ತಲ್ಲ, ಹಾಕ್ಕೊಳ್ಳೋಣ ಅಂತ ನೋಡ್ದೆ, ಇರ್ಲಿಲ್ಲ. ಹಂಗೇ ಬಂದು ಡೋರ್ ಎಳೆದೆ. ಬರ್ಲಿಲ್ಲ. ಕೆಳಗಡೆ ಬಟ್ಟೆ ಟೈಟಾಗಿ ಸಿಕ್ಕಾಕೊಂಡಿತ್ತು. ಅದನ್ನ ಕಿತ್ತು, ಆಮೇಲೆ..." ಅವಳು ಮಡಿಸಿದ ಅಂಗಿಯನ್ನೇ ಮತ್ತೆ ಮಡಿಸತೊಡಗಿದಳು.

"ದೀಪ?"

"ಆಫ್ ಇತ್ತು."

ಸ್ವಿಚ್ಚು ಬಾಗಿಲ ಹೊರಗೆ, ಗೋಡೆಯ ಮೇಲೆ. ನೀಲಗಂಗಾ ಅದನ್ನೊಮ್ಮೆ ನೋಡಿ, ನೆಲಕ್ಕೆ ಕೂತು ಬಾಗಿಲ ಕೆಳಗಿನ ಸಂದಿಗೆ ಬೆರಳು ಹಾಕಿದರು. ಬೆರಳು ಸಲೀಸಾಗಿ ಒಳಗೆ ಹೋಯಿತು.

ಈ ಸಂದಿಗೆ ಬಟ್ಟೆ ತುರುಕುವುದು ಈ ಮನೆಯ ಹಳೆಯ ಪದ್ಧತಿ. ತಾಯಿ ಊರಿಂದ ಬಂದಾಗ, ವಚನ ಗಾಯನದ ಬಳಗ ಸೇರಿದಾಗ, ಬೀರಿನ ವಾಸನೆ ಮೆಟ್ಟಿಲು ಹತ್ತಬಾರದೆಂದು ಪ್ರತಾಪ್ ಒಂದು ನೀಲಿ ಟವೆಲ್ ಸುತ್ತಿ ತುರುಕುತ್ತಿದ್ದ. ಬಸವ ಜಯಂತಿಯ ಆ ಶನಿವಾರವೂ ಬೆಳಿಗ್ಗೆಯೇ ತುರುಕಿದ್ದ. ವಾಸನೆ ಹೊರಬಾರದಂತೆ ಮುಚ್ಚಿದ ಕೋಣೆಯಿಂದ ಗ್ಯಾಸೂ ಹೊರಹೋಗುವುದಿಲ್ಲ ಎಂಬುದು ಓದಿದ ಅವನ ತಲೆಗೆ ಹೊಳೆದಿರಲಿಲ್ಲ. ಸಿಲಿಂಡರಿಗೆ ಪೈಪು ಕೂಡುವಲ್ಲಿ ಸಣ್ಣಗೆ ಸೋರುತ್ತಿತ್ತು. ಸೋಡಾಕ್ಕೆ ತುಂಬುವ ಆ ಗ್ಯಾಸು, ಕಾರ್ಬನ್ ಡೈಆಕ್ಸೈಡ್, ಗಾಳಿಗಿಂತ ಭಾರ. ತೊಟ್ಟಿಯಲ್ಲಿ ನೀರು ನಿಂತ ಹಾಗೆ ನೆಲದಿಂದ ಮೇಲಕ್ಕೆ ನಿಲ್ಲುತ್ತಾ ಬರುತ್ತದೆ. ಸೋರುವುದೆಲ್ಲಿ ಎಂದು ನೋಡಲು ಯಾರೇ ಬಗ್ಗಿದರೂ ಅದರೊಳಗೇ ಮುಖ ಅದ್ದಿದಂತೆ.

ಇಷ್ಟು ತಿಳಿದಿತ್ತು. ತಿಳಿಯದ್ದು ಬೇರೆ.

"ಗೋಪಿ ಒಳಗ ಹೋಗಬೇಕಂದ್ರ ಟವೆಲ್ ತೆಗೀಲೇಬೇಕು. ವಾಸನಿ ಹೊರಗ ಹೋಗಬಾರದಂತ ಬಾಗಿಲು ಎಳಕೊಂಡಿರಬೇಕು. ಒಳಗ ಹೋದಮ್ಯಾಲ ಹೊರಗಿನಿಂದ ತುರುಕಾಕ ಅವನ ಕೈಲೆ ಆಗೂದಿಲ್ಲ," ಎಂದರು ನೀಲಗಂಗಾ. "ಅಂದ್ರ ಅಂವ ಒಳಗಿದ್ದಾಗ ಯಾರೋ ಹೊರಗ ಕುಂತು ಬಟ್ಟಿ ತುರುಕ್ಯಾರ. ದೀಪಾನೂ ಆರಿಸ್ಯಾರ."

ರಚನಾ ಮಡಿಸುತ್ತಿದ್ದ ಅಂಗಿ ಅಲ್ಲೇ ನಿಂತಿತು.

"ನೀ ಕಿತ್ತದ್ದು ನೀಲಿ ಟವೆಲ್ ಹೌದಲ್ಲ?"

"ಅಲ್ಲ ಆಂಟಿ. ಟವೆಲ್ ಕ್ಲಾಸೆಟ್ ಒಳಗೆ ಬಿದ್ದಿತ್ತು, ಕೆಗ್ ಪಕ್ಕ. ನಾನು ಕಿತ್ತಿದ್ದು..." ಅವಳು ಬಟ್ಟೆಗಳ ರಾಶಿಯ ಅಡಿಯಿಂದ ಒಂದು ತುಂಡನ್ನು ಎಳೆದು ಕೊಟ್ಟಳು. "ಬೀರ್ ಸ್ಮೆಲ್ ಬರ್ತಿತ್ತು. ಅತ್ತೆಗೆ ಗೊತ್ತಾಗತ್ತೆ ಅಂತ ಅವತ್ತೇ ವಾಶ್ ಮಾಡಿಬಿಟ್ಟೆ. ತಪ್ಪಾಯ್ತು."

ಹಳೆಯ ಇಳಕಲ್ ಸೀರೆಯ ತುಂಡು. ಅಂಚು ಹರಿಯದಂತೆ ಕೈಯಲ್ಲೇ ಹೊಲಿದಿದ್ದರು. ಇಂಥದನ್ನು ಅಮೆರಿಕಕ್ಕೆ ಹೊತ್ತು ತಂದು, ಕೂರುವಲ್ಲಿ ಹಾಸಿಕೊಂಡು, ರೊಟ್ಟಿಗೆ ಮುಚ್ಚಿ, ಕೈಯನ್ನೂ ಒರೆಸಿಕೊಳ್ಳುವವರು ಈ ಮನೆಯಲ್ಲಿ ಒಬ್ಬರೇ.

"ಯಾರಿಗಾದ್ರೂ ಹೇಳೀಯೇನು?"

"ಪ್ರತಾಪ್‌ಗೂ ಹೇಳಿಲ್ಲ." ರಚನಾಳ ಕಣ್ಣು ತುಂಬಿತು. "ಹೇಗೆ ಹೇಳ್ಲಿ?"

"ನೀ ಮ್ಯಾಲ ಹೋಗಿ ಚಹಾ ಇಡು."

ಅವಳು ಹೋದ ಮೇಲೆ ನೀಲಗಂಗಾ ದೀಪ ಹಾಕಿ ಕ್ಲಾಸೆಟ್ಟಿನ ಬಾಗಿಲು ತೆಗೆದರು. ಸೊಂಟದೆತ್ತರದ ಉಕ್ಕಿನ ಕೆಗ್ಗುಗಳು ಮದುಮಕ್ಕಳಂತೆ ಜೊತೆಯಾಗಿ ನಿಂತಿದ್ದವು. ಒಂದಕ್ಕೆ ಕಪ್ಪು ಕೊಳವೆ. ಅದರ ತುದಿಯಲ್ಲಿ ಬೀರು ಸುರಿಯುವ ನಲ್ಲಿ. ಇನ್ನೊಂದು ಕೊಳವೆ ಸಿಲಿಂಡರಿಗೆ. ಅಲ್ಲಿಂದಲೇ ಗ್ಯಾಸು ಬಂದು ಬೀರನ್ನು ನೂಕಬೇಕು. ಮೂಲೆಯಲ್ಲಿ ಮೊಳಕೆ ಬಾರ್ಲಿಯ ಚೀಲ. ಹುದುಗು ಹಿಟ್ಟಿನ ಹುಳಿವಾಸನೆ ಇನ್ನೂ ಗೋಡೆ ಬಿಟ್ಟಿರಲಿಲ್ಲ.

ಮೇಲಿನ ಶೆಲ್ಫಿನಲ್ಲಿ ವಚನ ಬಳಗದ ದೀಪದ ಕಂಬಗಳು, ಹೊಸದು ಬಂದ ಮೇಲೆ ಇಲ್ಲೇ ಉಳಿದ ಬಸವಣ್ಣನ ಹಳೆಯ ಪಟ.

ನೀಲಗಂಗಾ ಒಳಗೆ ಹೆಜ್ಜೆಯಿಟ್ಟ ಮೇಲೆ ಗಮನಿಸಿದರು: ಅವರ ಚಪ್ಪಲಿ ಹೊರಗೇ ಉಳಿದಿತ್ತು. ಯಾರೂ ಹೇಳಿರಲಿಲ್ಲ. ಪಟ ಕಂಡಿತು, ಕಾಲು ತಾನಾಗಿ ಚಪ್ಪಲಿ ಕಳಚಿತು.

ಅವರು ಬಾಗಿಲು ಎಳೆದುಕೊಂಡು, ಕುಕ್ಕರುಗಾಲಲ್ಲಿ ಕೂತು, ಒಳಗಿನಿಂದ ಸಂದಿ ನೋಡಿದರು. ಹೊರಗಿನ ಬೆಳಕು ನೆಲದ ಮೇಲೆ ಒಂದು ಗೆರೆಯಾಗಿ ಕಾಣುತ್ತಿತ್ತು. ಹಾಗಿದ್ದರೆ ಒಳಗೆ ದೀಪ ಉರಿಯುತ್ತಿದ್ದರೆ ಹೊರಗಿನವರಿಗೂ ಗೆರೆ ಕಂಡೇ ಕಾಣಬೇಕು.

ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಇಳಿಯಿತು. ಬಳೆಗಳ ಸಪ್ಪಳ.

ಫಟ್ ಎಂದಿತು. ಕತ್ತಲು.

ಹೊರಗೆ ಹೆಜ್ಜೆ ಮುಂದಕ್ಕೆ ಹೋಗಲಿಲ್ಲ. ನೀಲಗಂಗಾ ಬಾಗಿಲು ತಳ್ಳಿ ಹೊರಬಂದರು.

ಪ್ರತಾಪನ ತಾಯಿ ಶಿವಬಸಮ್ಮ ಸ್ವಿಚ್ಚಿನ ಮೇಲೆ ಇಟ್ಟ ಕೈ ಇಟ್ಟಂತೆಯೇ ನಿಂತಿದ್ದರು. ಹಣೆಯ ವಿಭೂತಿಯ ಕೆಳಗೆ ಮುಖ ಬಿಳಿಚಿತ್ತು.

"ಯಾರೂ ಇಲ್ಲಂತ ಆರಿಸಿದೆ," ಎಂದರು. "ಖಾಲಿ ಕ್ವಾಣ್ಯಾಗ ದೀಪ ಉರದ್ರ ನನಗ ಆಗಂಗಿಲ್ಲ."

"ಹೌದು. ನಮ್ಮ ಮನ್ಯಾಗೂ ನಾ ಹಿಂಗs. ಮಗಳು ಬೈತಾಳ," ಎಂದರು ನೀಲಗಂಗಾ. ಬಟ್ಟೆ ಇಡುವ ಮೇಜಿನಿಂದ ಇಳಕಲ್ ತುಂಡನ್ನು ಎತ್ತಿ, ಮಡಿಕೆ ಬಿಚ್ಚದೆ ಮುಂದೆ ಹಿಡಿದರು. "ಶಿವಬಸವ್ವಾರ, ಇದು ನಿಮ್ಮದಲ್ಲೇನ್ರಿ?"

ಶಿವಬಸಮ್ಮ ಅದನ್ನು ಮುಟ್ಟಲಿಲ್ಲ. ಮೆಟ್ಟಿಲಿಗೆ ಹೋಗಿ ಕೂತರು; ಮಗ ಕೂತಿದ್ದ ಅದೇ ಮೆಟ್ಟಿಲು.

"ಒಗದಾರಲ್ಲ. ನಾ ಎಲ್ಲಿ ಹೋತು ಅಂತಿದ್ದೆ."

"ನೀವು ಹುಡುಕಲಿಲ್ಲ. ವಾರದಿಂದ ಒಂದು ಮಾತು ಕೇಳಲಿಲ್ಲ."

"ಹ್ಯಾಂಗ ಕೇಳ್ಲಿ?"

ಸೊಸೆ ಆಡಿದ ಮಾತೇ ಅತ್ತೆಯ ಬಾಯಲ್ಲೂ ಬಂತು. ನೀಲಗಂಗಾ ಅವರ ಪಕ್ಕದಲ್ಲಿ, ನೆಲದ ಮೇಲೆ ಕೂತರು. ಕೆಳಗೆ ಕೂತವರ ಮುಂದೆ ಜನ ಬೇಗ ಮಾತಾಡುತ್ತಾರೆ.

"ಬೀರಿನ ವಿಷಯ ಮೊದಲs ಗೊತ್ತಿತ್ತೇನ್ರಿ?"

"ಹೋದ ಸಲ ಬಂದಾಗs ಗೊತ್ತಾತು. ನಾ ಹಿಟ್ಟು ಹುಳಿ ಬರಿಸಿ ಬೆಳದಾಕಿ. ಆ ವಾಸನಿ ನನಗ ತಿಳೀಲಾರದ್ದೇನು? ಬೀರ್ ಕುದಿಸಿ ಉಳಿದ ಬಾರ್ಲಿ ಚರಟ ಫ್ರಿಜ್ಜಿನ್ಯಾಗ ಇಟ್ಟಿದ್ದ. ಏನಪ್ಪಾ ಇದು ಅಂದ್ರ, ಹೆಲ್ತ್ ಗೋಧಿ ಅವ್ವಾ ಅಂದ. ನಾ ಅದನ್ನ ಕಲಿಸಿ ಥಾಲಿಪಟ್ಟಿ ತಟ್ಟಿದೆ. ಬಳಗದವರೆಲ್ಲಾ ಚಲೋ ಆಗ್ಯಾವ ಅಂತ ಕೇಳಿ ಕೇಳಿ ತಿಂದ್ರು." ಒಂದು ಕ್ಷಣ ತುಟಿಯ ಅಂಚಿನಲ್ಲಿ ನಗು ಬಂದು, ಅಲ್ಲೇ ಸತ್ತಿತು. "ಊರಾಗ ಎಲ್ಲಾರ ಮುಂದ, ನನ್ನ ಮಗ ಅಮೇರಿಕಾದಾಗ ವಚನಕ್ಕ ತಬಲಾ ಬಾರಸ್ತಾನ ಅಂತ ಹೇಳಿಕೊಂಡು ಅಡ್ಡಾಡೀನಿ. ಅದೂ ಖರೇನ ಅದ. ಇದೂ ಖರೇನ ಅದ. ನಾ ಇದನ್ನ ನೋಡ್ಲಿಲ್ಲ ಅಂತ ಇದ್ದುಬಿಟ್ಟೆ."

"ಆ ಶನಿವಾರ?"

"ಕಾಗದದ ಪ್ಲೇಟು ತರಾಕ ಕೆಳಗ ಬಂದೆ. ಮ್ಯಾಲ ಹಾಡು ನಡದಿತ್ತು, ತಬಲಾ ನಿಂತಿತ್ತು. ಇಲ್ಲಿ ನೋಡಿದ್ರ ಬಾಗಿಲ ಬುಡಕ ಬೆಳಕು. ವಾಸನಿ ಅಂದ್ರ ವಾಸನಿ. ಇನ್ನೇನು ಜನ ಊಟಕ್ಕ ಏಳತಾರ, ಕೈ ತೊಳಿಯಾಕ ಇಲ್ಲೂ ಇಳೀತಾರ. ಬಳಗದ ಹಿರ್ಯಾರು, ಅಣ್ಣಾಸಾಹೇಬರಂಥವರು ಬರೂ ಹೊತ್ತು. ನನ್ನ ಮಗನ ಮಾನ ಎಲ್ಲಿ ಇಡೂದು?"

"ಒಳಗ ಮಗಾನ ಅದಾನ ಅಂತ ತಿಳದ್ರಿ."

ಶಿವಬಸಮ್ಮ ತಲೆಯಾಡಿಸಿದರು. ಅವರ ದನಿ ಸೆರಗಿನೊಳಗೆ ಹೋಯಿತು.

"ತಬಲಾ ನಿಂತದ. ಬಾಗಿಲ ಮುಂದ ಅವನ ಚಪ್ಪಲಿ ಅವ. ಮತ್ತ ಯಾರಂತ ತಿಳೀಲಿ? ಒಳಗ ಕುಡ್ಕೋತ ಕುಂತಾನ, ನನ್ನ ಸಪ್ಪಳ ಕೇಳಿ ಹೊರಗ ಬರಾಕ ನಾಚತಾನ ಅನಿಸ್ತು. ಕರದ್ರ ಇಬ್ಬರ ಮುಖಾನೂ ಉಳಿಯಂಗಿಲ್ಲ. ದೀಪ ಆರಿಸಿದೆ. ಸೊಂಟದಾಗಿನ ಬಟ್ಟಿ ತಗದು ಸಂದಿಗಿ ತುರುಕಿದೆ."

"ಅಷ್ಟೇನ್ರಿ?"

ಮೇಲೆ ಒಲೆಯ ಮೇಲೆ ಪಾತ್ರೆಯಿಟ್ಟ ಸದ್ದು ಕೇಳಿತು.

"ತುರುಕುವಾಗ ಒಳಗಿಂದ ಏನೋ ನನ್ನ ಬೆರಳಿಗೆ ತಾಕ್ತು, ನೀಲವ್ವಾ. ಬೆರಳs ಅದು. ಬಟ್ಟೀನ ಇತ್ತಾಗ ನೂಕ್ತು, ಒಂದೀಟು. ಬ್ಯಾಡವ್ವಾ ಅಂದಂಗ. ನಾ..." ಅವರು ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ನಾ ಅದನ್ನ ಮೆಲ್ಲಕ ಒಳಗ ಸರಿಸಿದೆ. ಸಣ್ಣಾವಿದ್ದಾಗ ಕೌದಿ ಹೊಚ್ಚಿ ಕೈ ಒಳಗ ಇಡ್ತಿದ್ನೆಲ್ಲ, ಹಂಗ. ಇನ್ನೊಂದಿಷ್ಟು ಒತ್ತಿ ತುರುಕಿ ಮ್ಯಾಲ ಹೋದೆ. ಅಂವ ಉಸಿರಿಗಿ ಒದ್ದಾಡ್ತಿದ್ದ. ನಾ ಮರ್ಯಾದಿ ಮುಚ್ಚಾಕ ಹೋಗಿದ್ದೆ."

ಇಂಥ ಹೊತ್ತಿನಲ್ಲಿ ನಿಮ್ಮ ತಪ್ಪಿಲ್ಲ ಎಂದರೆ ಕೇಳಿದವರಿಗೆ ಸಿಟ್ಟು ಬರುತ್ತದೆ, ನಿಮ್ಮದೇ ತಪ್ಪು ಎಂದರೆ ಜೀವ ಹೋಗುತ್ತದೆ. ನೀಲಗಂಗಾ ಸೀರೆ ತುಂಡನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಅವ್ವಾ."

ಇಬ್ಬರೂ ತಿರುಗಿದರು. ಹಿತ್ತಿಲಿನ ಮರದ ಡೆಕ್ಕಿನ ಕೆಳಗಿಂದ ಬೇಸ್‌ಮೆಂಟಿಗೆ ತೆರೆಯುವ ಗಾಜಿನ ಬಾಗಿಲಲ್ಲಿ ಪ್ರತಾಪ್ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ತಾಯಿ ಅವನ ಮುಖ ನೋಡಲಿಲ್ಲ. ಅವನೂ ತಾಯಿಯ ಪಾದದಿಂದ ಮೇಲಕ್ಕೆ ಕಣ್ಣೆತ್ತಲಿಲ್ಲ.

"ಫೋನ್ ಮಾಡಿದ್ಯಾ?" ಎಂದರು ನೀಲಗಂಗಾ.

"ಮಾಡಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂದ್ರು. ಶ್ರೀಲತಾ ಪಕ್ಕದಲ್ಲಿರಲಿಲ್ಲ. ಅವರಿಗೂ ಮೆಸೇಜ್ ಹಾಕಿದೀನಿ, ಎಲ್ಲಾ ಬರೆದು."

"ಈಗ ಇಲ್ಲೂ ಎಲ್ಲಾ ಹೇಳಿಬಿಡು. ತಬಲಾ ಬಿಟ್ಟು ಎಲ್ಲಿ ಹೋಗಿದ್ದಿ? ಜಾಗ ಬಿಟ್ಟು ಏಳಲೇ ಇಲ್ಲ ಅಂತ ಶೆರಿಫ್ ಕಡೆಯವರಿಗೆ ಹೇಳೀದಿ."

ಅವನು ಗೋಡೆಗೆ ಬೆನ್ನು ಕೊಟ್ಟ.

"ಹಾಡಿನ ಮಧ್ಯ ಗೋಪಿ ಬಂದು ಕಿವಿಯಲ್ಲಿ ಹೇಳ್ದ. ಕೆಳಗೆ ಬಾತ್‌ರೂಮಿಗೆ ಹೋಗಿದ್ದೆ ಕಣೋ, ಕ್ಲಾಸೆಟ್ ಒಳಗೆ ಹಿಸ್ ಅಂತಿದೆ, ಲೀಕ್ ಇರ್ಬೇಕು, ನಾನು ನೋಡ್ತೀನಿ, ನೀನು ಗ್ಯಾರೇಜಿಂದ ಪೈಪ್ ಬಿಗಿಯೋ ರೆಂಚ್ ತಗೊಂಬಾ ಅಂತ. ನೆಲ ತಣ್ಣಗಿದೆ, ನನ್ನ ಚಪ್ಪಲಿ ಹಾಕ್ಕೋ ಅಂದೆ. ಗ್ಯಾರೇಜಿಗೆ ಹೋಗಿ ರೆಂಚ್ ತಗೊಂಡೆ. ಅಷ್ಟರಲ್ಲಿ ಅಣ್ಣಾಸಾಹೇಬ ಅಂಕಲ್ ಕಾರಿಂದ ಇಳಿದ್ರು. ಏನಪ್ಪಾ, ಬಳಗದ ಸೆಕ್ರೆಟರಿ, ಹಾಡು ಬಿಟ್ಟು ಇಲ್ಲೇನು ಮಾಡ್ತೀ ಅಂದ್ರು. ರೆಂಚ್ ಬೆನ್ನ ಹಿಂದೆ ಹಿಡ್ಕೊಂಡು ನಿಂತೆ, ಆಂಟಿ. ಅವರು ಮಕ್ಕಳ ವಚನ ಸ್ಪರ್ಧೆ ಬಗ್ಗೆ ಮಾತಾಡಿದ್ರು. ನಾನು ಹೂಂ ಅಂತ ಇದ್ದೆ. ಒಂದು ನಿಮಿಷ ಅಂಕಲ್, ಕೆಳಗೆ ಅರ್ಜೆಂಟ್ ಕೆಲಸ ಇದೆ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಏನು ಕೆಲಸ ಅಂತ ಕೇಳಿಬಿಡ್ತಾರೆ ಅಂತ."

"ಆಮ್ಯಾಲ?"

"ಅವರನ್ನ ಕರ್ಕೊಂಡು ಒಳಗೆ ಬಂದೆ. ಮತ್ತೆ ತಬಲಾ ಮುಂದೆ ಕೂಡಿಸಿದ್ರು. ಗೋಪಿ ಅಷ್ಟೊತ್ತಿಗೆ ಸರಿಮಾಡಿರ್ತಾನೆ ಅಂದ್ಕೊಂಡೆ." ಅವನು ತಾಯಿಯ ಕಡೆ ತಿರುಗಿದ. "ಅವ್ವಾ, ನೀ ನೂಕಿದ ಬೆರಳು ನನ್ನ ದಾರಿ ಕಾಯಾಕತ್ತಿತ್ತು."

ಶಿವಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನೀಲಗಂಗಾ ಮೆಲ್ಲಗೆ ಎದ್ದರು. ಮೊಣಕಾಲು ಲಟಕ್ಕೆಂದಿತು. ಅವರ ಕಣ್ಣು ಈಗ ತಾಯಿಯ ಮೇಲೂ ಇರಲಿಲ್ಲ, ಮಗನ ಮೇಲೂ ಇರಲಿಲ್ಲ. ಕ್ಲಾಸೆಟ್ಟಿನ ಬಾಗಿಲ ಮುಂದೆ ತಾವೇ ಬಿಟ್ಟ ಜೊತೆ ಚಪ್ಪಲಿಯ ಮೇಲಿತ್ತು.

"ಶಿವಬಸವ್ವಾರ, ನೀವು ಬಟ್ಟಿ ತುರುಕಿ ಮ್ಯಾಲ ಹೋಗುವಾಗ, ಆ ಚಪ್ಪಲಿ ಬಾಗಿಲ ಮುಂದs ಇದ್ವೇನ್ರಿ?"

"ಇದ್ದು. ಜೋಡಿಸಿ ಬದೀಗಿಟ್ಟೆ. ಬೂದಿ ಬಣ್ಣದ್ದು, ಬಲಗಾಲಿಂದರ ಮ್ಯಾಲ ಬಿಳಿ ಬಣ್ಣ ಸಿಡಿದದ."

"ಡೆಕ್ಕಿಗೆ ಪೇಂಟ್ ಹೊಡೆಯುವಾಗ ಸಿಡಿದಿದ್ದು," ಎಂದ ಪ್ರತಾಪ್.

"ಒಳಗ ಪಟ ಇತ್ತು. ಗೋಪಿ ಹೊರಗs ಚಪ್ಪಲಿ ಬಿಟ್ಟು ಹೋದ, ನಾ ಬಿಟ್ಟಂಗ," ಎಂದರು ನೀಲಗಂಗಾ. "ರಚನಾ ಊಟದ ಹೊತ್ತಿಗೆ ಬಂದಾಗ ಅವು ಇಲ್ಲ. ಬೇಕು ಅಂತ ಹುಡುಕಿದರೂ ಇಲ್ಲ. ಗೋಪಿ ಬರಿಗಾಲಾಗ ಒಳಗ ಬಿದ್ದಿದ್ದ. ಈಗ ಎಲ್ಲಿ ಅದಾವು?"

ಪ್ರತಾಪ್ ನೆನಪು ಮಾಡಿಕೊಂಡ. "ಆ ದಿನದಿಂದ ನೋಡಿಲ್ಲ, ಆಂಟಿ. ಆ ಗಡಿಬಿಡಿಯಲ್ಲಿ ಯಾರೋ..."

"ಗಡಿಬಿಡಿ ಆಮ್ಯಾಲ. ಅದಕ್ಕಿಂತ ಮೊದಲs ಹೋಗ್ಯಾವು." ನೀಲಗಂಗಾರ ದನಿ ತಗ್ಗಿತು. "ನಿಮ್ಮವ್ವ ಮ್ಯಾಲ ಹೋದಮ್ಯಾಲ, ರಚನಾ ಬರೂದಕ್ಕಿಂತ ಮೊದಲ, ಇನ್ನೊಬ್ಬರು ಇಲ್ಲಿ ಬಂದಾರ. ಈ ಬಾಗಿಲ ಮುಂದ ನಿಂತು, ಆ ಚಪ್ಪಲಿ ಕಾಲಿಗೆ ಹಾಕ್ಕೊಂಡಾರ. ಬಾಗಿಲು ಮಾತ್ರ ತೆಗೆದಿಲ್ಲ."

ಮೇಲೆ ಮುಂಬಾಗಿಲು ಗೋಡೆಗೆ ಬಡಿದು ತೆರೆಯಿತು.

"ಪ್ರತಾಪ್ ಎಲ್ಲಿ?" ಶ್ರೀಲತಾಳ ದನಿ ಮನೆಯಿಡೀ ಕೇಳಿಸಿತು. "ಒಂದು ವಾರ ರಚನಾ, ಒಂದು ವಾರ. ನನ್ನ ಗಂಡನ್ನ ಡ್ರಗ್ ಅಡಿಕ್ಟ್ ಅಂತ ಕೇಳಿಸ್ಕೊಂಡು ಕೂತಿದ್ದೆ. ನಿಮಗೆ ಒಂದು ಫೋನ್ ಕಾಲ್ ಮಾಡೋಕೆ ಆಗ್ಲಿಲ್ವಾ? ಮೆಸೇಜ್ ಹಾಕ್ತಾನೆ, ಮೆಸೇಜು."

"ಶ್ರೀ, ಕೂತ್ಕೋ. ಪ್ಲೀಸ್."

"ಕೂತ್ಕೊಳ್ಳಲ್ಲ. ಕೆಳಗಿದಾನಾ?"

ಪ್ರತಾಪ್ ಗೋಡೆಗೆ ಇನ್ನಷ್ಟು ಒತ್ತಿಕೊಂಡ. ತಪ್ಪಿಸಿಕೊಳ್ಳಲು ಅಲ್ಲ, ಬೈಸಿಕೊಳ್ಳಲು ತಯಾರಾಗಿ. ಶಿವಬಸಮ್ಮ ದಾರಿ ಬಿಡಲು ಮೆಟ್ಟಿಲಿಂದ ಎದ್ದು ಬದಿಗೆ ಸರಿದರು.

ಮೆಟ್ಟಿಲುಗಳ ಮೇಲೆ ಬಿರುಸಿನ ಹೆಜ್ಜೆ. ಟಪ್, ಟಪ್, ಟಪ್. ಆಸ್ಪತ್ರೆಯಿಂದ ನೇರ ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತಿದ್ದಳು.

ಇಳಿಜಾರು ಸೂರಿನ ಕೆಳಗೆ ಮೊದಲು ಅವಳ ಪಾದಗಳಷ್ಟೇ ಕಂಡವು. ಅಳತೆಗಿಂತ ದೊಡ್ಡದಾದ, ಗಂಡಸರ ಚಪ್ಪಲಿ. ಬೂದಿ ಬಣ್ಣ. ಬಲಗಾಲಿನದರ ಮೇಲೆ ಬಿಳಿಯ ಚುಕ್ಕೆಗಳು.

ಶಿವಬಸಮ್ಮ ನೀಲಗಂಗಾರ ತೋಳು ಹಿಡಿದರು. "ಅವs," ಎಂದರು.

ಶ್ರೀಲತಾ ಕೊನೆಯ ಮೆಟ್ಟಿಲಿಗೆ ಬಂದು ನಿಂತಳು. ಬಾಯಲ್ಲಿ ಬೈಗುಳ ತುಂಬಿಕೊಂಡು ಬಂದವಳಿಗೆ ಎದುರಿನ ಮೂವರೂ ತನ್ನ ಮುಖ ನೋಡುತ್ತಿಲ್ಲ ಎಂಬುದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ನೋಟ ಹೋದಲ್ಲಿಗೆ ತಾನೂ ಕಣ್ಣಿಳಿಸಿದಳು.

"ಬೇಸ್‌ಮೆಂಟಿಗೆ ಕಾಲೇ ಇಟ್ಟಿಲ್ಲ ಅಂದಿದ್ದೆಲ್ಲವ್ವಾ," ಎಂದರು ನೀಲಗಂಗಾ, ಮೆತ್ತಗೆ. "ಈ ಚಪ್ಪಲಿ ಎಲ್ಲಿ ಸಿಕ್ಕವು?"

ಶ್ರೀಲತಾ ಬಲಗಾಲನ್ನು ನಿಧಾನವಾಗಿ ಎಡಗಾಲಿನ ಹಿಂದಕ್ಕೆ ಸರಿಸಿದಳು.